ನಾಯಿ ಬೆಕ್ಕುಗಳ ಲಸಿಕೆ: ಖರ್ಚು ಎಲ್ಲಿ ಬೀಳುತ್ತದೆ?



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಮೈಲುತುತ್ತಿನ ದರ, ಗೊಬ್ಬರದ ಬಾಕಿ, ಗೋದಾಮಿನ ಸೋರುವ ಮಾಡು ಎಲ್ಲವೂ ಚರ್ಚೆಯಾಗಿ, ಇನ್ನೇನು ಊಟಕ್ಕೆ ಏಳಬೇಕು ಎನ್ನುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ನಾಯಿಗೆ ಹಾಕಿಸುವ ಹುಚ್ಚಿನ ಇಂಜೆಕ್ಷನನ್ನು ಸಂಘದಿಂದಲೇ ತರಿಸಿಕೊಡಲು ಆಗುತ್ತದೆಯೇ? ಹೊರಗೆ ಬಹಳ ಖರ್ಚು ಬೀಳುತ್ತದೆ" ಎಂದು ಕೇಳಿದರು. ಸಭೆಯಲ್ಲಿ ನಗೆ ಎದ್ದಿತು. ಅಡಿಕೆ ಕಾಫಿ ಬೆಳೆಗಾರರ ಸಂಘ ಇನ್ನು ಮೇಲೆ ನಾಯಿ ಬೆಕ್ಕುಗಳ ಸಂಘವೂ ಆಗಬೇಕೇನು ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅಧ್ಯಕ್ಷರು ನಮ್ಮ ಕಡೆ ನೋಡಿದರು. ನಮಗೆ ನಗು ಬರಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ. ಪತ್ರಿಕೆಯಲ್ಲಿ ವಿವರವಾಗಿ ಬರೆಯುತ್ತೇವೆಂದು ಅಂದು ಹೇಳಿದ್ದೆವು. ಆ ಮಾತಿನಂತೆ ಈ ಲೇಖನ.

ಮೊದಲಿಗೆ ಲಸಿಕೆಯ ಬೆಲೆಯನ್ನೇ ನೋಡೋಣ. ನಮ್ಮ ಕಡೆಯ ಪೇಟೆಗಳಲ್ಲಿ ಖಾಸಗಿಯಾಗಿ ಹಾಕಿಸಿದರೆ ಹುಚ್ಚಿನ ಲಸಿಕೆಗೆ, ಅಂದರೆ ರೇಬೀಸ್ ಲಸಿಕೆಗೆ, ಒಂದು ಸಲಕ್ಕೆ ಸುಮಾರು 200ರಿಂದ 500 ರೂಪಾಯಿ ಆಗುತ್ತದೆ. ಡಿಸ್ಟೆಂಪರ್, ಪಾರ್ವೊ, ಕಾಮಾಲೆ, ಇಲಿಜ್ವರ ಮುಂತಾದವುಗಳಿಗೆ ಒಟ್ಟಾಗಿ ಕೊಡುವ ಕೂಡು ಲಸಿಕೆಗೆ ಸುಮಾರು 500ರಿಂದ 1,000 ರೂಪಾಯಿ. ಬೆಕ್ಕಿನ ಮೂರು ರೋಗಗಳ ಲಸಿಕೆಗೆ ಅಷ್ಟೇ ಅಥವಾ ಇನ್ನೂ ಸ್ವಲ್ಪ ಹೆಚ್ಚು. ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ಒಂದು ಮರಿಯನ್ನು ಮೊದಲ ವರ್ಷ ಕ್ರಮವಾಗಿ ನೋಡಿಕೊಂಡರೆ ಕೂಡು ಲಸಿಕೆ ಮೂರು ಸಲ, ಹುಚ್ಚಿನದು ಒಂದೆರಡು ಸಲ, ಹೀಗೆ 2,500 ರೂಪಾಯಿಯ ಆಸುಪಾಸಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ವರ್ಷದ ಖರ್ಚು ಇದರ ಅರ್ಧಕ್ಕಿಂತ ಕಡಿಮೆ. ಸರ್ಕಾರಿ ಪಶು ಆಸ್ಪತ್ರೆಯ ಶಿಬಿರಗಳಲ್ಲಿ ಹುಚ್ಚಿನ ಲಸಿಕೆಯನ್ನು ಉಚಿತವಾಗಿ ಹಾಕುವುದುಂಟು.

ಆದರೆ ಮಲೆನಾಡಿನಲ್ಲಿ ಇರುವವರಿಗೆ ಗೊತ್ತಿರುವಂತೆ, ಔಷಧಿಯ ಬೆಲೆಗಿಂತ ಔಷಧಿಯ ಬಳಿಗೆ ಹೋಗುವ ಬೆಲೆ ಹೆಚ್ಚು. ನಮ್ಮ ಮನೆಯ ಲೆಕ್ಕಪುಸ್ತಕವನ್ನೇ ತೆಗೆದು ನೋಡಿದೆವು. ಮೂರು ನಾಯಿಗಳನ್ನು ಪೇಟೆಗೆ ಒಯ್ದು ತಂದದ್ದಕ್ಕೆ ಜೀಪಿನ ಬಾಡಿಗೆ 1,200 ರೂಪಾಯಿ. ನಾಯಿ ಹಿಡಿದು ಕೂರಲು ಒಬ್ಬ ಆಳಿನ ಅರ್ಧ ದಿನ. ನಮ್ಮ ಅರ್ಧ ದಿನ ಲೆಕ್ಕಕ್ಕಿಲ್ಲ. ಅಂದರೆ ತಲೆಗೆ 300 ರೂಪಾಯಿಯ ಲಸಿಕೆ ಹಾಕಿಸಲು ಬಾಡಿಗೆಯೇ ತಲೆಗೆ 400 ಬಿದ್ದಿತು. ಜೀಪಿನಲ್ಲಿ ಒಂದು ನಾಯಿ ವಾಂತಿ ಮಾಡಿದ್ದನ್ನು ತೊಳೆಸಿದ ಬಾಬ್ತು ಚಾಲಕನಿಗೆ ಬೇರೆ ಕೊಟ್ಟೆವು. ಹಿರಿಯ ಸದಸ್ಯರು ಸಭೆಯಲ್ಲಿ ಹೇಳಿದ 'ಬಹಳ ಖರ್ಚು' ಎಂದರೆ ಇದೇ. ಇಂಥ ಖರ್ಚನ್ನು ಒಬ್ಬೊಬ್ಬರೇ ತೆತ್ತರೆ ದುಬಾರಿ, ಹತ್ತು ಮನೆಯವರು ಸೇರಿದರೆ ಹಗುರ. ಗೊಬ್ಬರದ ಲಾರಿಯ ವಿಷಯದಲ್ಲಿ ನಾವೆಲ್ಲ ಒಪ್ಪಿಕೊಂಡಿರುವ ತತ್ತ್ವ ಇದೇ ಅಲ್ಲವೇ?

ಇನ್ನೊಂದು ವಿಷಯವನ್ನು ಬಹಳ ಸದಸ್ಯರು ಗಮನಿಸಿಲ್ಲ. ಪ್ರಾಣಿಗಳ ಹುಚ್ಚಿನ ಲಸಿಕೆ ಒಂದು ಡೋಸಿನ ಸಣ್ಣ ಸೀಸೆಯಲ್ಲೂ ಬರುತ್ತದೆ, ಹತ್ತು ಡೋಸಿನ ದೊಡ್ಡ ಸೀಸೆಯಲ್ಲೂ ಬರುತ್ತದೆ. ಡೋಸು ಒಂದು ಮಿಲಿಲೀಟರ್. ನಾಯಿ ದೊಡ್ಡದಿರಲಿ, ಚಿಕ್ಕದಿರಲಿ, ಬೆಕ್ಕೇ ಇರಲಿ, ಅಳತೆ ಅದೇ. ದೊಡ್ಡ ಸೀಸೆ ಕೊಂಡರೆ ಒಂದು ಡೋಸಿಗೆ ಬೀಳುವ ಬೆಲೆ ಬಿಡಿ ಸೀಸೆಗಿಂತ ಸಾಕಷ್ಟು ಕಡಿಮೆ. ಆದರೆ ಒಮ್ಮೆ ಸೂಜಿ ಚುಚ್ಚಿ ತೆರೆದ ಸೀಸೆಯನ್ನು ಬೇಗ ಮುಗಿಸಬೇಕು, ಮುಂದಿನ ತಿಂಗಳಿಗೆಂದು ಎತ್ತಿಡುವಂತಿಲ್ಲ. ಆದ್ದರಿಂದ ಎರಡು ಮೂರು ನಾಯಿ ಇರುವ ಮನೆಗೆ ದೊಡ್ಡ ಸೀಸೆ ಲಾಭವಲ್ಲ ಎಂದು ತೋರುತ್ತದೆ.

ನಮಗೂ ಹಾಗೆಯೇ ತೋರಿತ್ತು. ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮುನ್ನ, ಮಲೆನಾಡು ಗಿಡ್ಡ ಹಸುವೊಂದರ ಹೆರಿಗೆಗೆಂದು ಪಶುವೈದ್ಯರು ನಮ್ಮ ಮನೆಗೆ ಬಂದಿದ್ದರು. ಹೇಗೂ ಬಂದಿದ್ದೀರಿ, ನಾಯಿಗಳಿಗೂ ಹಾಕಿಬಿಡಿ ಎಂದೆವು. ಅವರ ಬಳಿ ಇದ್ದದ್ದು ಹತ್ತರ ಸೀಸೆ. ನಮ್ಮ ಮೂರು ನಾಯಿಗಳಿಗೆ ಮೂರು ಡೋಸು ಆಯಿತು. "ಇನ್ನು ಏಳು ಉಳಿದಿದೆ, ಲೈನಿನಲ್ಲಿ ನಾಯಿಗಳಿದ್ದರೆ ಹಿಡಿಸಿ, ಹಾಕಿಬಿಡುತ್ತೇನೆ" ಎಂದು ವೈದ್ಯರೇ ಹೇಳಿದರು. ಸಂಜೆಯಾಗುತ್ತಿತ್ತು, ಮೋಡ ಕಟ್ಟಿತ್ತು. ಲೈನಿನ ನಾಯಿಗಳು ಯಾರ ಕೈಗೂ ಸಿಗುವಂಥವಲ್ಲ. ಹಿಡಿಯಲು ಹೋದರೆ ಕಾಫಿ ಗಿಡಗಳ ನಡುವೆ ನುಗ್ಗುತ್ತವೆ. ಅಲ್ಲದೆ ಅವು ನಮ್ಮ ನಾಯಿಗಳೂ ಅಲ್ಲ. "ಬಿಡಿ ಡಾಕ್ಟ್ರೇ, ಇನ್ನೊಂದು ಸಲ ನೋಡೋಣ" ಎಂದೆವು. ಸೀಸೆಯ ಪೂರ್ತಿ ದುಡ್ಡು ನಾವೇ ಕೊಟ್ಟಿದ್ದೆವು. ಉಳಿದ ಏಳು ಡೋಸು ವ್ಯರ್ಥವಾಯಿತು.

ಅದೇ ವರ್ಷ ಡಿಸೆಂಬರಿನಲ್ಲಿ, ಅರೇಬಿಕಾ ಹಣ್ಣು ಬಿಡಿಸುವ ಕೆಲಸ ಜೋರಾಗಿದ್ದಾಗ, ಲೈನಿನ ಕಂದು ನಾಯಿಯೊಂದು ಮಂಕಾಗಿ ಸೌದೆ ಕೊಟ್ಟಿಗೆಯ ಹಿಂದೆ ಮಲಗಿತು. ದವಡೆ ಜೋತುಬಿದ್ದಿತ್ತು. ಹುಚ್ಚು ಎಂದರೆ ಓಡಾಡಿ ಸಿಕ್ಕಿದ್ದನ್ನೆಲ್ಲ ಕಚ್ಚುವ ನಾಯಿ ಎಂದೇ ನಾವೆಲ್ಲ ತಿಳಿದಿರುವುದು. ಹೀಗೆ ಮೂಲೆ ಹಿಡಿದು, ದವಡೆ ಸೋತು, ಜೊಲ್ಲು ಸುರಿಸುವ ಮೂಕ ರೂಪವೂ ಆ ರೋಗಕ್ಕಿದೆ, ನಮಗಾಗ ತಿಳಿಯಲಿಲ್ಲ. ಎಲುಬು ಸಿಕ್ಕಿಕೊಂಡಿದೆ ಎಂದು ಲೈನಿನ ಹುಡುಗನೊಬ್ಬ ಬಾಯಿ ಬಿಡಿಸಲು ಹೋದ. ಮರುದಿನ ಅದು ಇಬ್ಬರು ಹೆಣ್ಣಾಳುಗಳ ಕಾಲಿಗೆ ಬಾಯಿ ಹಾಕಿತು. ಮೂರನೆಯ ದಿನ ಸತ್ತಿತು. ಕೆಲಸದ ಗಡಿಬಿಡಿಯಲ್ಲಿ ಹೂಳಿಸಿಬಿಟ್ಟೆವು. ಅಂಥ ನಾಯಿಯ ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ, ಪಶುವೈದ್ಯರಿಗೆ ಹೇಳಿದರೆ ಅವರು ಕಳುಹಿಸುವ ವ್ಯವಸ್ಥೆ ಮಾಡುತ್ತಾರೆ ಎಂಬುದು ಅನಂತರ ತಿಳಿಯಿತು.

ಮೂವರಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭವಾಯಿತು. ಹಿಂದಿನ ಕಾಲದವರಿಗೆ ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದರೆ ಇಂದಿಗೂ ನಡುಕ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಯ ಹೊತ್ತಿಗೇ ನಿಲ್ಲಿಸಲಾಗಿದೆ. ಈಗ ತೋಳಿಗೆ, ಚರ್ಮದ ಪದರದೊಳಗೆ, ಎರಡೂ ಕಡೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ: ಮೊದಲ ದಿನ, 3ನೆಯ ದಿನ, 7ನೆಯ ದಿನ, 28ನೆಯ ದಿನ, ಒಟ್ಟು ನಾಲ್ಕು ಭೇಟಿ. ಸ್ನಾಯುವಿಗೆ ಕೊಡುವ ಕ್ರಮವಾದರೆ ಐದು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಗಾಯ ಆಳವಾಗಿದ್ದರೆ, ಅಥವಾ ತೆರೆದ ಗಾಯಕ್ಕೆ ಜೊಲ್ಲು ತಾಗಿದ್ದರೆ, ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ರಕ್ಷಕವನ್ನೂ ಗಾಯದ ಸುತ್ತ ಕೊಡಬೇಕು. ಅದನ್ನು ದೇಹದ ತೂಕ ನೋಡಿ ಅಳೆಯುತ್ತಾರೆ. ಹೊರಗೆ ಕೊಳ್ಳಬೇಕಾಗಿ ಬಂದರೆ, ಮನುಷ್ಯರ ರಕ್ತದಿಂದ ಮಾಡಿದ ಬಗೆಗೆ ಸಾವಿರಗಟ್ಟಲೆ ರೂಪಾಯಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ನಾಯಿ ಕೊಟ್ಟಿಗೆಗೂ ನುಗ್ಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಸುಮಾರು ಆರು ವಾರದ ಮೇಲೆ, ಕಾಫಿ ಕಣದಲ್ಲಿ ಒಣಗುತ್ತಿದ್ದ ಕಾಲ, ನಮ್ಮ ಜರ್ಸಿ ಮಿಶ್ರತಳಿ ಹಸು ಮೇವು ಬಿಟ್ಟಿತು. ಸ್ವರ ಒಡೆದಂತೆ ಮತ್ತೆ ಮತ್ತೆ ಕೂಗತೊಡಗಿತು. ಬಾಯಲ್ಲಿ ಜೊಲ್ಲಿನ ನೂಲು. "ಗಂಟ್ಲಲ್ಲಿ ಏನೋ ಸಿಕ್ಕಂಡದೆ ಅಯ್ಯ" ಎಂದು ಮೂವತ್ತು ವರ್ಷದಿಂದ ನಮ್ಮ ಕೊಟ್ಟಿಗೆ ನೋಡಿಕೊಂಡಿರುವ ಹಿರಿಯ ಆಳು ಮೊಣಕೈವರೆಗೆ ಕೈ ಹಾಕಿ ನೋಡಿದರು. ಬೇಲಿ ಕಟ್ಟುವ ಕೆಲಸದಿಂದ ಅವರ ಕೈಯೆಲ್ಲ ಮುಳ್ಳಿನ ಗೀರು. ಏನೂ ಸಿಗಲಿಲ್ಲ. ಅವರ ಹೆಂಡತಿ ಬಾಯಿ ಒರೆಸಿ ಗಂಜಿ ಕುಡಿಸಲು ನೋಡಿದರು. ಸಂಜೆ ಬಂದ ಪಶುವೈದ್ಯರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ಮೊದಲು ಕೇಳಿದ್ದು ಹಸುವಿನ ಬಗ್ಗೆ ಅಲ್ಲ, "ಯಾರು ಯಾರು ಬಾಯಿಗೆ ಕೈ ಹಾಕಿದ್ದೀರಿ?" ಎಂದು.

ಹಸು ನಾಲ್ಕನೆಯ ದಿನ ಹೋಯಿತು. ಗಂಡ ಹೆಂಡತಿ ಇಬ್ಬರಿಗೂ ಇಂಜೆಕ್ಷನ್. ಗೀರುಗಳಿದ್ದ ಕಾರಣ ಅವರಿಗೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕೆಂದರು. ಹತ್ತಿರದಲ್ಲಿ ಅಂದು ದಾಸ್ತಾನಿರಲಿಲ್ಲ, ರಾತ್ರಿಯೇ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ, ಇಳಿಯುವಾಗ ಮಾತ್ರ, "ನಾಳೆ ಕರು ಯಾರು ಬಿಡ್ತಾರೆ ಅಯ್ಯ?" ಎಂದರು. ಈಗ ಆರೋಗ್ಯವಾಗಿದ್ದಾರೆ. ಮನೆಮಂದಿ ಆ ಹಸುವಿನ ಹಾಲು ಕುಡಿದದ್ದರ ಬಗ್ಗೆ ನಮ್ಮ ತಾಯಿಯವರಿಗೆ ಬಹಳ ಭಯವಿತ್ತು. ಕಾಯಿಸಿದ ಹಾಲಿನಲ್ಲಿ ಆ ರೋಗಾಣು ಉಳಿಯುವುದಿಲ್ಲವೆಂದು ವೈದ್ಯರು ಸಮಾಧಾನ ಹೇಳಿದರು. ಹಸಿ ಹಾಲನ್ನು ಮಾತ್ರ ಯಾರೂ ಕುಡಿಯಬಾರದು.

ಈಗ ಲೆಕ್ಕಕ್ಕೆ ಬರೋಣ. ಐದು ಜನ, ತಲೆಗೆ ನಾಲ್ಕು ಭೇಟಿ: ಇಪ್ಪತ್ತು ಆಳುದಿನ. ಹುಡುಗನ ಜೊತೆಗೆ ಹೋದ ತಾಯಿಯ ನಾಲ್ಕು ದಿನ ಬೇರೆ. ಹಣ್ಣು ನೆಲಕ್ಕೆ ಉದುರುತ್ತಿದ್ದ ಕಾಲದಲ್ಲಿ ಇಷ್ಟು. ಬಸ್ಸು, ಜೀಪು, ಊಟ. ಹಾಲು ಕೊಡುತ್ತಿದ್ದ ಒಂದು ಹಸು. ಕಚ್ಚಿಸಿಕೊಂಡ ಇಬ್ಬರಲ್ಲಿ ಒಬ್ಬಾಕೆ ಬಯಲುಸೀಮೆಯಿಂದ ಬಂದವಳು. 28ನೆಯ ದಿನಕ್ಕೆ ಮೊದಲೇ ಅವಳ ಗುಂಪು ಊರಿಗೆ ಹೊರಟಿತು. ಚೀಟಿ ಕೊಟ್ಟು, ಅವಳ ಊರಿನ ಆಸ್ಪತ್ರೆಯಲ್ಲಿ ಕೊನೆಯದನ್ನು ಹಾಕಿಸಿಕೊಳ್ಳುವಂತೆ ಹೇಳಿ, ಆಮೇಲೆ ಎರಡು ಸಲ ಮೇಸ್ತ್ರಿಗೆ ಫೋನ್ ಮಾಡಿ ವಿಚಾರಿಸಬೇಕಾಯಿತು. ಹೊರಗಿನ ಆಳುಗಳನ್ನು ಕರೆಸುವ ಸದಸ್ಯರು ಇದನ್ನು ನೆನಪಿಡಬೇಕು. ಆ ನಾಲ್ಕನೆಯ ಇಂಜೆಕ್ಷನ್ ಎಲ್ಲೋ ದಾರಿಯಲ್ಲಿ ತಪ್ಪಿಹೋಗುವುದು ಬಹಳ ಸುಲಭ. ಇಷ್ಟೆಲ್ಲದರ ಎದುರು ವ್ಯರ್ಥವಾದ ಆ ಏಳು ಡೋಸನ್ನು ಇಟ್ಟು ನೋಡಿದರೆ ಯಾವ ಆಡಿಟರೂ ನಮ್ಮನ್ನು ಕ್ಷಮಿಸಲಾರ.

ರೇಬೀಸಿನ ಲಕ್ಷಣ ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಕಚ್ಚಿದ ಮೇಲೆ, ಲಕ್ಷಣ ಬರುವ ಮುನ್ನ, ಲಸಿಕೆಯಿಂದ ತಡೆಯಬಹುದೆಂದು 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ 1907ರಲ್ಲೇ ಬಂದಿತು. ಇಷ್ಟು ಹಳೆಯ ವಿದ್ಯೆ ಕೈಯಲ್ಲಿದ್ದರೂ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದಲ್ಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ. ಒಂದು ಪ್ರದೇಶದ ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಬಿದ್ದರೆ ರೋಗ ನಾಯಿಯಿಂದ ನಾಯಿಗೆ ದಾಟುವ ಸರಪಣಿ ತುಂಡಾಗುತ್ತದೆ. ಇಲ್ಲಿ ಗಮನಿಸಬೇಕಾದ್ದು, ಆ ಹತ್ತರಲ್ಲಿ ಲೈನಿನವೂ, ಬಸ್ ನಿಲ್ದಾಣದವೂ ಸೇರಿವೆ. ಬಂಗಲೆಯ ಮೂರು ನಾಯಿಗಳಿಗೆ ಎಷ್ಟು ಸಲ ಹಾಕಿಸಿದರೂ ಹತ್ತರಲ್ಲಿ ಮೂರೇ. ನೆರೆಯ ಗೋವಾ ರಾಜ್ಯದಲ್ಲಿ ಬೀದಿ ನಾಯಿಗಳನ್ನೂ ಬಲೆಯಲ್ಲಿ ಹಿಡಿದು ವರ್ಷ ವರ್ಷ ಲಸಿಕೆ ಹಾಕುತ್ತ ಬಂದುದರ ಫಲವಾಗಿ 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರವೂ 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಲಗಿಸುವ ಕಾರ್ಯಯೋಜನೆ ಪ್ರಕಟಿಸಿತು.

"ಚಿರತೆ ಹೊತ್ತುಕೊಂಡು ಹೋಗುವ ನಾಯಿಗೆ ಇಂಜೆಕ್ಷನ್ ಯಾಕೆ?" ಎಂಬ ಮಾತನ್ನು ಕಾಡಂಚಿನ ಸದಸ್ಯರಿಂದ ಕೇಳಿದ್ದೇವೆ. ಮಾತು ಸುಳ್ಳಲ್ಲ, ನಮ್ಮ ಮನೆಯಿಂದಲೇ ಎರಡು ನಾಯಿ ಹೋಗಿವೆ. ಆದರೆ ನಾಯಿಯ ಆಯಸ್ಸಿಗಾಗಿ ನಾವು ಈ ಒಂದು ಲಸಿಕೆಯನ್ನು ಹಾಕಿಸುವುದಲ್ಲ. ಅದು ಬದುಕಿರುವಷ್ಟು ದಿನ ಅದರ ಹಲ್ಲಿನ ಹತ್ತಿರ ಮಕ್ಕಳು ಓಡಾಡುತ್ತಾರೆ.

ಉಳಿದ ಲಸಿಕೆಗಳ ವಿಷಯ ಬೇರೆ. ಅಲ್ಲಿ ವಿವೇಚನೆಗೂ ಉಳಿತಾಯಕ್ಕೂ ಅವಕಾಶವಿದೆ.

ಪಾರ್ವೊ ಎಂಬುದು 1978ರ ಸುಮಾರಿಗೆ ಹೊಸದಾಗಿ ಕಾಣಿಸಿಕೊಂಡು ಜಗತ್ತಿನಾದ್ಯಂತ ಹರಡಿದ ರೋಗ. ನಮ್ಮ ಹಿರಿಯರ ಕಾಲದಲ್ಲಿ ಇರಲಿಲ್ಲ. ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತದ ನಾತದ ಭೇದಿ ಮಾಡಿಕೊಂಡು ಮೂರು ನಾಲ್ಕು ದಿನದಲ್ಲಿ ಸಾಯುತ್ತದೆ. ಡ್ರಿಪ್ ಹಾಕಿಸಿ ಉಳಿಸಲು ಹೊರಟರೆ ದಿನ ದಿನವೂ ಪೇಟೆಗೆ ಓಡಬೇಕು, ಸಾವಿರಗಳ ಲೆಕ್ಕ. ಈ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಸತ್ತ ಗೂಡಿಗೆ ಲಸಿಕೆಯಿಲ್ಲದ ಇನ್ನೊಂದು ಮರಿ ತಂದರೆ ಅದೂ ಹೋಗುತ್ತದೆ. 'ಈ ಮನೆಗೆ ನಾಯಿ ಆಗಿಬರುವುದಿಲ್ಲ' ಎಂದು ಕೆಲವರು ಹೇಳುವುದರ ಹಿಂದೆ ಹಲವು ಸಲ ಇದೇ ಇರುತ್ತದೆ.

ಮರಿಗೆ ಮೂರು ಸಲ ಏಕೆ, ಒಂದೇ ಸಲ ಹಾಕಿದರೆ ಸಾಲದೇ ಎಂಬುದು ಎಲ್ಲರ ಪ್ರಶ್ನೆ. ಹುಟ್ಟಿದ ಮರಿ ತಾಯಿಯ ಗಿಣ್ಣುಹಾಲಿನ ಜೊತೆ ತಾಯಿಯ ರಕ್ಷಣೆಯನ್ನೂ ಕುಡಿಯುತ್ತದೆ. ಆ ರಕ್ಷಣೆ ಮೈಯಲ್ಲಿರುವಷ್ಟು ದಿನ ಹೊರಗಿಂದ ಹಾಕಿದ ಲಸಿಕೆಯನ್ನೂ ಅದು ಶತ್ರುವೆಂದೇ ತಿಳಿದು ಅಳಿಸಿಹಾಕುತ್ತದೆ. ತಾಯಿಯ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆಂದು ಕಣ್ಣಿಗೆ ಕಾಣದು. ಕೆಲವಕ್ಕೆ ಎಂಟನೆಯ ವಾರ, ಕೆಲವಕ್ಕೆ ಹದಿನಾಲ್ಕನೆಯ ವಾರ. ಆದ್ದರಿಂದ ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕುತ್ತಾರೆ. ಅಷ್ಟರಲ್ಲಿ ಒಂದಾದರೂ ನಾಟುತ್ತದೆ. ಖರ್ಚು ಉಳಿಸಲು ಎರಡನ್ನು ಹಾಕಿಸಿ ಕೊನೆಯದನ್ನು ಬಿಡುವವರು ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಬಿಡುತ್ತಾರೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಂದು ಸಲ ಬೋರ್ಡೋ ಹೊಡೆಸಿ, ಎರಡನೆಯ ಸಲಕ್ಕೆ ಮಳೆ ಬಿಡುವು ಕೊಡಲಿಲ್ಲವೆಂದು ಸುಮ್ಮನಾದವರ ಗೊನೆಗಳು ಆಗಸ್ಟಿನಲ್ಲಿ ಏನಾಗುತ್ತವೆಂದು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ದೊಡ್ಡ ನಾಯಿಗಳಿಗೆ ಬಂದರೆ, ಡಿಸ್ಟೆಂಪರ್, ಪಾರ್ವೊ, ಕಾಮಾಲೆ ಈ ಮೂರರ ಲಸಿಕೆ ಮರಿಯಲ್ಲಿ ಕ್ರಮವಾಗಿ ಬಿದ್ದು, ಒಂದು ವರ್ಷದೊಳಗೆ ಇನ್ನೊಮ್ಮೆ ಬಿದ್ದಿದ್ದರೆ, ಆಮೇಲೆ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಬೇಕಿಲ್ಲವೆಂದು ಸಾಕುಪ್ರಾಣಿ ವೈದ್ಯರ ಅಂತರರಾಷ್ಟ್ರೀಯ ಸಂಘಟನೆಯ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ರೂಢಿಯಿಂದ ಪ್ರತಿ ವರ್ಷವೂ ಹಾಕುವುದುಂಟು. ಇಲಿಜ್ವರದ ಭಾಗ ಮಾತ್ರ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ತೋಟದ ಬಸಿಗಾಲುವೆಯಲ್ಲಿ ಹೊರಳಾಡಿ ಇಲಿ ಬೇಟೆಯಾಡುವ ಮಲೆನಾಡಿನ ನಾಯಿಗೆ ಅದು ಬೇಕಾದದ್ದೇ. (ನಾಯಿಗೆ ಹಾಕಿಸಿದೆವೆಂದು ಆಳುಗಳಿಗೆ ಇಲಿಜ್ವರ ಬಾರದೆಂದು ತಿಳಿಯಬಾರದು. ಗಾಯದ ಕಾಲಲ್ಲಿ ನಿಂತ ನೀರಿಗೆ ಇಳಿಸದಿರುವುದು, ಬೂಟು ಕೊಡಿಸುವುದು ಬೇರೆಯೇ ಕೆಲಸ.) ಆದುದರಿಂದ ವೈದ್ಯರನ್ನು, ಈ ವರ್ಷ ಯಾವುದು ಬೇಕು, ಯಾವುದು ಬೇಡ ಎಂದು ವಿನಯದಿಂದಲೇ ಕೇಳಬಹುದು. ಐದರದ್ದು, ಏಳರದ್ದು, ಒಂಬತ್ತರದ್ದು ಎಂದು ಅಂಗಡಿಯಲ್ಲಿ ಹೇಳುವಾಗ ಅಂಕೆ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸುವ ಕಾರಣವಿಲ್ಲ. ಕೆಲವದರಲ್ಲಿ ಸೇರಿರುವ ನಾಯಿಯ ಕೊರೊನಾ ಲಸಿಕೆಯನ್ನು ಅದೇ ಮಾರ್ಗಸೂಚಿ ಬೇಡವೆನ್ನುತ್ತದೆ. 2020ರಲ್ಲಿ ಬಂದ ಮನುಷ್ಯರ ಕೊರೊನಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಣ್ಣೆಹುಳಕ್ಕೆ ಲಸಿಕೆ ಇದೆಯೇ ಎಂದು ಇಬ್ಬರು ಸದಸ್ಯರು ಕೇಳಿದ್ದಾರೆ. ನಾಯಿಗೆ ಅಂಥದ್ದಿಲ್ಲ, ಹಚ್ಚುವ, ನುಂಗಿಸುವ ಔಷಧಿಗಳಿವೆ. ಮಂಗನ ಕಾಯಿಲೆಯ ಸೀಮೆಯಲ್ಲಿ ನಾಯಿ ಕಾಡಿನಿಂದ ಉಣ್ಣೆಯನ್ನು ಜಗಲಿಗೆ ತರುವುದರಿಂದ ಅದನ್ನು ಅಲಕ್ಷಿಸುವಂತಿಲ್ಲ. ಆ ವಿಷಯ ಇನ್ನೊಮ್ಮೆ ಬರೆಯೋಣ.

ಬೆಕ್ಕಿನ ಬಗ್ಗೆ ಯಾರೂ ಕೇಳಲಿಲ್ಲ. ಅಡಿಕೆ ಚೀಲ, ಭತ್ತದ ಕಣಜ ಇಲಿಯಿಂದ ಉಳಿಯುವುದು ಬೆಕ್ಕಿನಿಂದಲೇ ಆದರೂ ಅದಕ್ಕೆ ದುಡ್ಡು ಖರ್ಚು ಮಾಡುವುದು ನಮ್ಮಲ್ಲಿ ರೂಢಿಯಲ್ಲ. ಬೆಕ್ಕಿಗೂ ಪಾರ್ವೊದ ಜಾತಿಯದೇ ಒಂದು ಭೇದಿ ರೋಗವಿದೆ, ನೆಗಡಿ ಜ್ವರದ ಎರಡು ರೋಗಗಳಿವೆ. ಮೂರಕ್ಕೂ ಒಂದೇ ಲಸಿಕೆ, ಎಂಟು ಒಂಬತ್ತು ವಾರದಿಂದ ಆರಂಭ. ಪ್ರೀತಿಯಿಂದ ಸಾಕಿದವರು ಹಾಕಿಸಲಿ. ಆದರೆ ಹುಚ್ಚಿನ ಲಸಿಕೆ ಬೆಕ್ಕಿಗೂ ಬೇಕು. ಹುಚ್ಚುನಾಯಿ ಕಚ್ಚಿದ ಬೆಕ್ಕು ಅಡುಗೆಮನೆಯ ಒಲೆಯ ಬದಿಗೇ ಬಂದು ಮಲಗುತ್ತದೆ, ಮಕ್ಕಳ ಹಾಸಿಗೆಗೂ ಹೋಗುತ್ತದೆ. ಬೆಕ್ಕು ಪರಚಿ ರಕ್ತ ಬಂದರೂ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಅಭಿಪ್ರಾಯ ಕೇಳುವುದಾದರೆ, ಕೈಯಲ್ಲಿರುವ ಹಣ ಕಡಿಮೆಯಾಗಿದ್ದರೆ ಮೊದಲು ಹುಚ್ಚಿನ ಲಸಿಕೆ: ಮನೆಯವು, ಲೈನಿನವು, ಬೆಕ್ಕು, ಎಲ್ಲಕ್ಕೂ. ಅದಾದ ಮೇಲೆ ಮನೆಯ ಮರಿಗಳಿಗೆ ಕೂಡು ಲಸಿಕೆ. ಒಂದು ಲ್ಯಾಬ್ರಡಾರಿಗೆ ಒಂಬತ್ತು ರೋಗದ ಲಸಿಕೆ ಹಾಕಿಸಿ, ಅದೇ ಅಂಗಳದಲ್ಲಿ ಓಡಾಡುವ ಆರು ನಾಯಿಗಳಿಗೆ ಒಂದನ್ನೂ ಹಾಕಿಸದ ಎಸ್ಟೇಟುಗಳನ್ನು ನಾವು ಬಲ್ಲೆವು. ನಮ್ಮದೂ ಹಾಗೆಯೇ ಇತ್ತು. ಲೈನಿನ ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಈಯುತ್ತದೆ, ಹುಟ್ಟಿದ ಮರಿಗಳೆಲ್ಲ ಲಸಿಕೆಯಿಲ್ಲದವು, ಹಾಕಿಸಿದ ಲೆಕ್ಕ ಮತ್ತೆ ಕೆಳಗಿಳಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚನ್ನು ಕೂಡ ಹಲವರು ಸೇರಿ ಯೋಚಿಸುವುದು ಒಳ್ಳೆಯದು.

ಲಸಿಕೆಯನ್ನು ಇಡುವ ಕ್ರಮದ ಬಗ್ಗೆ ಒಂದು ಮಾತು. ಇದು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇರಬೇಕು. ಪೇಟೆಯಲ್ಲಿ ಕೊಂಡು ಜೀಪಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ದಾರಿಯಲ್ಲಿ ಕಾಫಿ ಕುಡಿದು, ಮಧ್ಯಾಹ್ನ ಮನೆಗೆ ಬಂದು ಹಾಕಿಸಿದ ಲಸಿಕೆ ನೀರಿಗೆ ಸಮಾನ. ಹಾಗೆಂದು ಹೆಚ್ಚು ತಂಪು ಒಳ್ಳೆಯದೆಂದು ಫ್ರೀಜರಿನಲ್ಲಿಟ್ಟರೆ ಹುಚ್ಚಿನ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಎರಡು ಮೂರು ದಿನ ಹೋಗುವ ನಮ್ಮಂಥ ಊರುಗಳಲ್ಲಿ ಮನೆಯ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಕೂಡಿಡುವುದನ್ನು ಬಿಟ್ಟುಬಿಡಬೇಕು. ಹಾಕುವ ದಿನವೇ, ಐಸ್ ತುಂಬಿದ ಡಬ್ಬಿಯಲ್ಲಿ ತಂದು, ಅಂದೇ ಮುಗಿಸುವುದು ಸರಿ. ಇಂಜೆಕ್ಷನ್ ಕೊಡುವವರು ಪಶುವೈದ್ಯರು ಅಥವಾ ಅವರ ಉಸ್ತುವಾರಿಯ ಸಿಬ್ಬಂದಿ. ಡಬ್ಬಿ ತಂದವರೇ ಸೂಜಿ ಹಿಡಿಯುವುದು ಬೇಡ.

ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಕಾಫಿ ಪುಡಿ, ಮೆಣಸಿನ ಪುಡಿ ಏನನ್ನೂ ಹಚ್ಚಬಾರದು. ಕಚ್ಚಿದ ನಾಯಿ ಅಥವಾ ಬೆಕ್ಕನ್ನು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಬೇಕು. ಅದು ಹತ್ತು ದಿನವೂ ಗಟ್ಟಿಯಾಗಿದ್ದರೆ ಉಳಿದ ಚುಚ್ಚುಮದ್ದು ಬೇಕೋ ಬೇಡವೋ ಎಂದು ವೈದ್ಯರು ಹೇಳುತ್ತಾರೆ. ಕಾಯುತ್ತ ಕುಳಿತು ಮೊದಲ ಇಂಜೆಕ್ಷನನ್ನು ತಡಮಾಡುವಂತಿಲ್ಲ. ದನಕ್ಕೆ ಕಚ್ಚಿದ್ದು ಕಂಡರೆ ಅದಕ್ಕೂ ಐದು ಚುಚ್ಚುಮದ್ದಿನ ಕ್ರಮವಿದೆ, ಅಂದೇ ಆರಂಭಿಸಬೇಕು. ಮೇವು ಬಿಟ್ಟು ಜೊಲ್ಲು ಸುರಿಸಿ ಕೂಗುವ ದನದ ಬಾಯಿಗೆ ಯಾರೂ ಕೈ ಹಾಕಬಾರದು. ಇದನ್ನು ಕೊಟ್ಟಿಗೆಯ ಆಳುಗಳಿಗೆ ಓದಿ ಹೇಳಿ.

ಇನ್ನು ಸಂಘದ ವ್ಯವಸ್ಥೆ. ಆಡಳಿತ ಮಂಡಳಿಯಲ್ಲಿ ಈ ವಿಷಯ ಚರ್ಚೆಯಾಗಿದ್ದು, ಲಸಿಕೆಯನ್ನು ದಾಸ್ತಾನು ಮಾಡಿ ಮಾರುವುದು ಬೇಡ, ಬದಲಿಗೆ ವರ್ಷಕ್ಕೊಮ್ಮೆ ಹೋಬಳಿಗೆ ಒಂದು ದಿನ ಗೊತ್ತುಮಾಡಿ ವೈದ್ಯರನ್ನು ಕರೆಸುವುದೆಂದು ತೀರ್ಮಾನವಾಗಿದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಪಾಶ್ಚರ್ ತೀರಿಕೊಂಡ ದಿನ. ಅದರ ಆಸುಪಾಸಿನಲ್ಲಿ ಇಲಾಖೆಯವರೂ ಶಿಬಿರ ನಡೆಸುತ್ತಾರಾದ್ದರಿಂದ ಅವರೊಂದಿಗೆ ಹೊಂದಿಸಿಕೊಂಡು, ಮಳೆ ಇಳಿದು ಕೊಯ್ಲು ಆರಂಭವಾಗುವ ನಡುವಿನ ಅಕ್ಟೋಬರ್ ಮೊದಲ ವಾರದೊಳಗೆ ಮುಗಿಸುವ ಇರಾದೆ. ಕೊಯ್ಲಿಗೆ ಬರುವ ಹೊರಗಿನ ಆಳುಗಳ ಜೊತೆ ಅವರ ನಾಯಿಗಳೂ ಬರುವ ಮೊದಲೇ ಆಗಬೇಕು. ಎಂಟು ಮನೆಯ ಇಪ್ಪತ್ತು ನಾಯಿ ಒಂದೆಡೆ ಸೇರಿದರೆ, ಒಬ್ಬೊಬ್ಬರೇ ಹೋದಾಗ ತಲೆಗೆ 400 ಬಿದ್ದ ಜೀಪಿನ ಬಾಡಿಗೆ 60 ರೂಪಾಯಿಗೆ ಇಳಿಯುತ್ತದೆ. ಹತ್ತರ ಎರಡು ಸೀಸೆಯೂ ಪೂರ್ತಿ ಖರ್ಚಾಗುತ್ತದೆ. ಲೈನಿನ ನಾಯಿಗಳ ಪಾಲನ್ನು ಆಯಾ ತೋಟದವರೇ ಕೊಡಬೇಕೆಂದು ಮಂಡಳಿಯ ಅಪೇಕ್ಷೆ. ಒಬ್ಬಿಬ್ಬರು ಸದಸ್ಯರು ಇದಕ್ಕೆ ಆಕ್ಷೇಪಿಸಿದ್ದಾರೆ. ನಾವು ನಮ್ಮ ತೋಟದ ಏಳು ನಾಯಿಗಳ ಹಣವನ್ನು ಈಗಾಗಲೇ ಕಟ್ಟಿದ್ದೇವೆ.

ನಾಯಿ ಹಿಡಿಯುವ ವಿಷಯದಲ್ಲಿ ಅನುಭವದಿಂದ ಒಂದು ಸೂಚನೆ: ಹಿಂದಿನ ದಿನ ರಾತ್ರಿಯಿಂದ ಲೈನಿನ ನಾಯಿಗಳಿಗೆ ಅನ್ನ ಹಾಕುವ ಹೆಂಗಸರನ್ನೇ ಕರೆದು ಹೇಳಿ. ಗಂಡಾಳುಗಳು ಹಗ್ಗ ಹಿಡಿದು ಅಟ್ಟಿದರೆ ಒಂದೂ ಸಿಗುವುದಿಲ್ಲ. ಅನ್ನದ ತಟ್ಟೆ ಹಿಡಿದವರ ಕಾಲಬುಡಕ್ಕೆ ತಾನಾಗಿ ಬರುತ್ತವೆ. ಕಳೆದ ವರ್ಷ ನಮ್ಮಲ್ಲಿ ಏಳನ್ನೂ ಹಾಗೆಯೇ ಹಿಡಿದದ್ದು, ಮುಕ್ಕಾಲು ಗಂಟೆ ಹಿಡಿಯಿತು.

ಸದಸ್ಯರು ತಮ್ಮ ಮನೆಯ ಮತ್ತು ಲೈನಿನ ನಾಯಿ, ಬೆಕ್ಕುಗಳ ಸಂಖ್ಯೆಯನ್ನು, ಮೂರು ತಿಂಗಳು ತುಂಬದ ಮರಿಗಳಿದ್ದರೆ ಅವನ್ನು ಪ್ರತ್ಯೇಕವಾಗಿ ಕಾಣಿಸಿ, ಆಗಸ್ಟ್ ತಿಂಗಳೊಳಗೆ ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರಿಕೆ. ಹಿಂದೆ ಲಸಿಕೆ ಹಾಕಿಸಿದ್ದರೆ ಆ ಕಾರ್ಡನ್ನು ತರುವುದು. ಕಾರ್ಡ್ ಇಲ್ಲದವರಿಗೆ ಕಛೇರಿಯಲ್ಲಿಯೇ ಕೊಡಲಾಗುವುದು.